ಪಾಪುವಿನ ಬಟ್ಟೆ ಒಣಗುವವರೆಗೆ

ಫೆಬ್ರವರಿ 9, 1997, ಭಾನುವಾರ

ಗೋವಿಂದಮ್ಮ ಅತ್ತಿಗೆ ಇವತ್ತು ಕೆ.ಆರ್. ಪುರದಿಂದ ಬಂದಿದ್ದರು. ಇವರ ಅಕ್ಕ. ನಾನು ಬಾಣಂತನ ಮುಗಿಸಿ ಪಾಪುವನ್ನು ಹಲಸೂರಿಗೆ ಕರೆತಂದ ಮೇಲೆ ಅವರು ಬಂದದ್ದು ಇದೇ ಮೊದಲು. ಬೆಳ್ಳಿ ಉಡಿದಾರ ತಂದಿದ್ದರು. ತಾವೇ ಕಟ್ಟಬೇಕೆಂದು ಪಾಪುವಿನ ಲಂಗೋಟಿ ಬಿಚ್ಚಿದರು. ಬಿಚ್ಚಿದ ಕೂಡಲೇ ಮುಖ ಹಿಂದಕ್ಕೆ ತೆಗೆದುಕೊಂಡರು.

"ಏನೇ ಯಮುನಾ ಇದು, ಕಣ್ಣೆಲ್ಲ ಉರೀತದಲ್ಲೇ! ಬೆಳಿಗ್ಗೆಯಿಂದ ಬಟ್ಟೆ ಬದಲಾಯ್ಸಿಲ್ವಾ?"

ಆಗಷ್ಟೇ ಬದಲಾಯಿಸಿದ್ದೆ. ಒಗೆದು ಒಣಗಿಸಿದ ಬಟ್ಟೆಯನ್ನೇ ಕಟ್ಟಿದ್ದೆ. ಪಾಪು ಒಂದೇ ಒಂದು ಸಲ ಉಚ್ಚೆ ಮಾಡಿದ್ದ. ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ, "ಅವ್ಳಿಗೆ ಒಗ್ಯಕ್ಕೇ ಬರಲ್ಲ ಕಣೆ," ಅಂದುಬಿಟ್ಟರು.

ತೊಡೆಸಂದಿಯಲ್ಲಿ ಕೆಂಪಗೆ, ಬಿಸಿನೀರು ಬಿದ್ದ ಹಾಗೆ ಆಗಿದೆ. ಅತ್ತಿಗೆ ಕೊಬ್ಬರಿ ಎಣ್ಣೆ ಹಚ್ಚಿದರು. ಸಂಜೆಯವರೆಗೂ ಪಾಪುವನ್ನು ಕೆಳಗೆ ಇಳಿಸಲಿಲ್ಲ. ಅವರಿಗೆ ಮದುವೆಯಾಗಿ ಬಹಳ ವರ್ಷವಾಯಿತು, ಮಕ್ಕಳಿಲ್ಲ. ಕೊಡುವಾಗ ಒಂದು ಸಲ ಕೊಟ್ಟು, ಮತ್ತೆ ತೆಗೆದುಕೊಂಡು, ಮತ್ತೆ ಕೊಟ್ಟರು.

ಫೆಬ್ರವರಿ 12, ಬುಧವಾರ

ಇವತ್ತು ನಲ್ಲಿಯಲ್ಲಿ ನೀರು ಬಂತು. ವಠಾರಕ್ಕೆಲ್ಲ ಒಂದೇ ನಲ್ಲಿ, ದಿನ ಬಿಟ್ಟು ದಿನ ಬರುತ್ತದೆ. ಎರಡು ದಿನದ ಲಂಗೋಟಿಗಳನ್ನು ಮುಚ್ಚಳದ ಬಕೆಟ್ಟಿನಲ್ಲಿ ನೆನೆಹಾಕಿ ಇಡುತ್ತೇನೆ. ವಾಸನೆ ದೇವರ ಗೂಡಿಗೆ ಹೋಗಬಾರದೆಂದು ಮುಚ್ಚಳ ಬಿಗಿಯಾಗಿ ಹಾಕಿಸುವುದು ಅತ್ತೆ. ಇವತ್ತು ಮುಚ್ಚಳ ತೆಗೆದಾಗ ಈರುಳ್ಳಿ ಹೆಚ್ಚಿದವಳ ಹಾಗೆ ಕಣ್ಣಲ್ಲಿ ನೀರು ಬಂತು. ಬಾರ್ ಸೋಪನ್ನು ಅರ್ಧ ಸವೆಸಿದೆ. ಕೈ ಬಿರಿಯಿತು. ಒಗೆದಾಗ ಸೋಪಿನ ವಾಸನೆ ಮಾತ್ರ ಇತ್ತು. ಪಾಪು ಒಂದು ಸಲ ಒದ್ದೆ ಮಾಡಿದ, ಅದೇ ಘಾಟು ಎಲ್ಲಿಂದಲೋ ಎದ್ದು ಬಂತು.

ತವರಿನಲ್ಲಿ ಹೀಗಿರಲಿಲ್ಲ. ಅಮ್ಮ ಬಾವಿ ನೀರಿನಲ್ಲಿ ಜಾಲಿಸಿ ಬೇಲಿಯ ಮೇಲೆ ಹರಡುತ್ತಿದ್ದಳು. ಇಲ್ಲಿ ಬಚ್ಚಲ ಒಲೆಯ ಮೇಲಿನ ಹಗ್ಗದಲ್ಲೇ ಒಣಗಿಸಬೇಕು. ಅಂಗಳದಲ್ಲಿ ಕೂಡದು. ಹಲಸೂರು ಕೆರೆ ಹತ್ತಿರ, ಹಕ್ಕಿಗಳು ಯಾವಾಗಲೂ ತಲೆಯ ಮೇಲೆಯೇ ಹಾರಾಡುತ್ತವೆ. ಹಕ್ಕಿ ದಾಟಿದ ಬಟ್ಟೆ ಕಟ್ಟಿದರೆ ಮಗು ಸೊರಗಿ ಹೋಗುತ್ತದೆ ಎಂದು ಅತ್ತೆಯ ಭಯ. ನಾನು ಎದುರಾಡುವುದಿಲ್ಲ. ನನ್ನ ಕೈಯೇ ಸರಿಯಿಲ್ಲವೇನೋ.

ಫೆಬ್ರವರಿ 20, ಗುರುವಾರ

ಇವರು ಶಿವಾಜಿನಗರದಲ್ಲಿ ನಕ್ಷೆ ಪ್ರಿಂಟ್ ತೆಗೆಯುವ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಮನೆ ಕಟ್ಟುವವರ ನೀಲಿ ನಕ್ಷೆಗಳನ್ನು ಸುತ್ತಿಕೊಂಡು ಇಂದಿರಾನಗರದ ಇಂಜಿನಿಯರುಗಳಿಗೆ ಕೊಟ್ಟು ಬರುತ್ತಾರೆ. ಇವತ್ತು ಧೈರ್ಯ ಮಾಡಿ ಒಂದು ಲಂಗೋಟಿಯನ್ನು ಇವರ ಮೂಗಿನ ಹತ್ತಿರ ಹಿಡಿದು, ಇದು ಏನು ವಾಸನೆ ಎಂದು ಕೇಳಿದೆ.

"ಇದಾ? ನಮ್ಮಂಗಡಿ ಮೆಷಿನ್ ವಾಸ್ನೆ ಕಣೆ. ಅಮೋನಿಯ ಅಂತಾರೆ. ದಿನಾ ಕುಡೀತೀನಲ್ಲ ಇದನ್ನ, ನಂಗೇನೂ ಗೊತ್ತಾಗಲ್ಲ."

ಅಷ್ಟು ಹೇಳಿ ಮಗ್ಗುಲಾದರು. ನಿಜ, ಇವರ ಅಂಗಿಯಲ್ಲೂ ಅದೇ ಘಾಟು ಇರುತ್ತದೆ. ಅತ್ತೆ ಅದನ್ನು ಬರಿಗೈಯಲ್ಲಿ ತೆಗೆದುಕೊಂಡು, "ಪಾಪ, ಎಷ್ಟ್ ಕಷ್ಟಪಡ್ತಾನೆ ನನ್ಮಗ," ಎಂದು ತಾವೇ ಒಗೆಯುತ್ತಾರೆ. ಅದರ ಹೆಸರು ಅಮೋನಿಯ ಎಂದು ತಿಳಿಯಿತು. ಹೆಸರು ತಿಳಿದರೆ ಏನು ಬಂತು.

ಮಾರ್ಚ್ 1, ಶನಿವಾರ

ತೊಡೆಸಂದಿ ಒಡೆದು ರಕ್ತ ಬಂದಿದೆ. ಉಚ್ಚೆ ಮಾಡಿದಾಗಲೆಲ್ಲ ಪಾಪು ಕಿರುಚುತ್ತಾನೆ. ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಮುಲಾಮು ಬರೆದುಕೊಟ್ಟು, "ಚೆನ್ನಾಗಿ ಜಾಲಿಸಿ, ಬಿಸಿಲಲ್ಲಿ ಒಣಗ್ಸಿ," ಅಂದರು. ಅತ್ತೆ ಹೊರಗೆ ಬಂದು, "ಬಿಸಿಲಂತೆ. ಅವ್ಳ ಮಗೂಗೆ ಹಕ್ಕಿ ದಾಟಿದ್ರೆ ಗೊತ್ತಾಗ್ತಿತ್ತು," ಅಂದರು.

ಮನೆಗೆ ಬಂದರೆ ಅತ್ತಿಗೆ ಕಾಯುತ್ತಿದ್ದರು. ಪಾಪುವಿನ ಗಾಯ ನೋಡಿ ಅತ್ತೇಬಿಟ್ಟರು. ಆಮೇಲೆ ಅತ್ತೆಯ ಹತ್ತಿರ ಮಾತಾಡಿದರು. ನಾನು ಒಳಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಎಲ್ಲ ಕೇಳಿಸಿತು.

"ನಮ್ಮನೇಲಿ ಸ್ವಂತ ಬೋರಿದೆ, ನೀರಿಗೆ ಬರ ಇಲ್ಲ. ಆರ್ ತಿಂಗ್ಳಾಗ್ತಾ ಬಂತು, ಬಾಟ್ಲಿ ಹಾಲು ಕುಡೀತಾನೆ. ಒಂದೆರಡ್ ತಿಂಗ್ಳು ನಾನಿಟ್ಕೋತೀನಿ ಕಣಮ್ಮ. ಹುಡ್ಗೀಗೂ ಸುಧಾರಿಸ್ಕೊಂಡಂಗಾಗತ್ತೆ."

"ಯುಗಾದಿವರ್ಗೂ ನೋಡಣ," ಎಂದರು ಅತ್ತೆ. "ಈ ನಾತ ಹೋಗ್ಲಿಲ್ಲಾಂದ್ರೆ ಕರ್ಕೊಂಡ್ ಹೋಗು."

ಇವರ ಚಿಕ್ಕಪ್ಪನ ಮನೆಯಲ್ಲಿ ಶ್ವೇತ ಎಂಬ ಹುಡುಗಿ ಇದ್ದಾಳೆ. ಅವಳನ್ನೂ ಎಳೆಗೂಸಾಗಿದ್ದಾಗ ಎರಡು ತಿಂಗಳಿಗೆಂದೇ ಕರೆದುಕೊಂಡು ಬಂದಿದ್ದಂತೆ. ಈಗ ಸ್ಕೂಲಿಗೆ ಹೋಗುತ್ತಾಳೆ. ಹೆತ್ತವಳು ಹಬ್ಬಕ್ಕೆ ಬಂದರೆ, ಆಂಟಿ, ಕುತ್ಕೊಳ್ಳಿ ಅನ್ನುತ್ತಾಳೆ.

ಒಗ್ಗರಣೆ ಸೀದಿತು.

ಮಾರ್ಚ್ 6, ಗುರುವಾರ

ಪಕ್ಕದ ಮನೆಯ ಶಂಶುನ್ನೀಸಾ ಆಪಾ ಬ್ಲೌಸ್ ಹೊಲಿಯುತ್ತಾರೆ. ನಾಲ್ಕು ಮಕ್ಕಳನ್ನು ಸಾಕಿದವರು. ನಲ್ಲಿಯ ಹತ್ತಿರ ನಾನು ಅಳುತ್ತಿದ್ದುದನ್ನು ನೋಡಿ, "ಅರೆ, ಉಚ್ಚೆ ಬಟ್ಟೆಗೆ ಯಾರಾದ್ರೂ ಅಳ್ತಾರಾ? ನಿಂಬೆಹಣ್ಣು ಹಾಕು," ಅಂದರು. ಹಾಕಿದೆ. ನಿಂಬೆಹಣ್ಣಿನ ಜೊತೆಗೆ ಘಾಟು ಬಂತು. ಸೀಗೆಪುಡಿ ಹಾಕು ಅಂದರು. ಬಟ್ಟೆ ಕಂದಾಯಿತು, ಘಾಟು ಹೋಗಲಿಲ್ಲ.

"ಹಂಗಾದ್ರೆ ಬೇವಿನ ಸೊಪ್ಪು ಹಾಕಿ ಕುದ್ಸು."

ಕುದಿಸಿದೆ. ವಠಾರಕ್ಕೆಲ್ಲ ವಾಸನೆ ಹರಡಿ ಎದುರು ಮನೆಯ ಮುನಿಶಾಮಿ ಕಿಟಕಿ ಹಾಕಿಕೊಂಡರು. "ಯಾರ್ರೀ ಅದು, ಕುದುರೆ ಲಾಯ ಬೇಯ್ಸೋರು?" ಎಂದು ಅವರು ಕೂಗಿದ್ದಕ್ಕೆ ಎಲ್ಲರೂ ನಕ್ಕರು. ಆಪಾ ಕೂಡ ನಕ್ಕರು. ಆಮೇಲೆ ನನ್ನ ಮುಖ ನೋಡಿ ನಿಲ್ಲಿಸಿದರು.

ಮಾರ್ಚ್ 14, ಶುಕ್ರವಾರ

ವಾಸನೆ ಹೋಯಿತು! ಬೆಳಿಗ್ಗೆ ಒದ್ದೆ ಲಂಗೋಟಿಯನ್ನು ಮೂಗಿಗೆ ಒತ್ತಿಕೊಂಡು ನೋಡಿದೆ, ಏನೂ ಇಲ್ಲ. ಮೂರು ಬಟ್ಟೆ ನೋಡಿದೆ. ಮೂರರಲ್ಲೂ ಇಲ್ಲ. ಸೋಪನ್ನು ಇನ್ನೂ ಹೆಚ್ಚಿಗೆ ಹಾಕಿದ್ದು ಫಲ ಕೊಟ್ಟಿತು. ಅತ್ತೆಗೆ ಹೇಳಲಿಲ್ಲ. ಅವರಿಗೇ ಗೊತ್ತಾಗಲಿ. ಮಧ್ಯಾಹ್ನ ಪಾಪುವಿನ ಜೊತೆ ನಾನೂ ಚೆನ್ನಾಗಿ ನಿದ್ದೆ ಮಾಡಿದೆ.

ಮಾರ್ಚ್ 15, ಶನಿವಾರ

ಇವರ ಅಂಗಡಿಗೆ ಹೊಸದಾಗಿ ಸೇರಿದ ಯಾಸಿರ್ ನಕ್ಷೆ ತೆಗೆದುಕೊಂಡು ಹೋಗಲು ಬಂದಿದ್ದ. ಬಾಗಿಲೊಳಗೆ ಒಂದು ಕಾಲಿಟ್ಟು, "ಏನ್ ಗುರು, ಮನೇಲೂ ಮೆಷಿನ್ ಇಟ್ಟಿದ್ದೀಯಾ?" ಅಂದ.

ಮೆಷಿನ್ ಎಲ್ಲಿದೆ. ಪಾಪು ಚಾಪೆಯ ಮೇಲೆ ಮಲಗಿದ್ದ.

ಹೋದದ್ದು ವಾಸನೆಯಲ್ಲ, ನನ್ನ ಮೂಗು.

ಮಾರ್ಚ್ 17, ಸೋಮವಾರ

ಏನೂ ತೋಚುತ್ತಿಲ್ಲ.

ಮಾರ್ಚ್ 22, ಶನಿವಾರ

ಆಪಾ ಇವತ್ತು ನಾನು ಒಗೆಯುವುದನ್ನು ಪಕ್ಕದಲ್ಲೇ ಕುಳಿತು ನೋಡಿದರು. ನಾನು ಹಿಂಡಿಟ್ಟ ಬಟ್ಟೆಯೊಂದನ್ನು ಸುಮ್ಮನೆ ಬೋಗುಣಿಯ ತಿಳಿ ನೀರಿಗೆ ಹಾಕಿ ಕಿವುಚಿದರು. ನೊರೆ ಎದ್ದಿತು.

"ನೋಡು, ನಿನ್ ಸಾಬೂನೆಲ್ಲ ಇದ್ರೊಳಗೇ ಕೂತಿದೆ. ಸಾಬೂನಿನ್ ಮೇಲೆ ಉಚ್ಚೆ, ಉಚ್ಚೆ ಮೇಲೆ ಸಾಬೂನು. ಹೋಗೋದು ಹೆಂಗೆ?"

ನೀರು ಉಳಿಸಬೇಕೆಂದು ನಾನು ಒಂದೇ ಸಲ ಜಾಲಿಸುತ್ತಿದ್ದೆ. ಇವತ್ತು ಆಪಾ ತಮ್ಮ ಪಾಲಿನ ನೀರನ್ನೂ ಕೊಟ್ಟರು. ಸೋಪು ಹಾಕದೆ ಬಿಸಿನೀರಿನಲ್ಲಿ ನೊರೆ ನಿಲ್ಲುವವರೆಗೂ ಜಾಲಿಸಿದೆವು. ಬಟ್ಟೆ ಬೇರೆಯದೇ ಆಗಿತ್ತು, ಮೆತ್ತಗೆ. ಎಲ್ಲ ಲಂಗೋಟಿಗಳೂ ತೀರಿಹೋದ ಮಾವ ಮುನಿವೆಂಕಟಪ್ಪನವರ ಹಳೇ ಪಂಚೆಗಳನ್ನು ಹರಿದು ಮಾಡಿದವು. ಹಿರಿಯರ ಬಟ್ಟೆಯೇ ಮಗುವಿಗೆ ಮೊದಲು ಆಗಬೇಕೆಂದು ಅತ್ತೆ ಪೆಟ್ಟಿಗೆಯಿಂದ ತೆಗೆದುಕೊಟ್ಟಿದ್ದರು.

"ಇನ್ನ ಬಿಸಿಲೊಂದಾದ್ರೆ ಆಯ್ತು," ಎಂದು ಆಪಾ ತಮ್ಮ ಮನೆಯ ಚಾವಣಿ ಶೀಟಿನ ಮೇಲೆ ಹರಡಿದರು. ಬೇಡ ಎನ್ನಬೇಕಿತ್ತು. ಅನ್ನಲಿಲ್ಲ.

ಅತ್ತೆ ಕಡ್ಲೆಪುರಿ ತರಲು ಹೋದವರು ಬೇಗ ಬಂದುಬಿಟ್ಟರು. ಶೀಟಿನ ಮೇಲೆ ಮಾವನ ಪಂಚೆಯ ಅಂಚು ಗುರುತು ಹಿಡಿದರು. ಎಲ್ಲವನ್ನೂ ಬಾಚಿಕೊಂಡು ಒಳಗೆ ತಂದು, ಅರಿಸಿನದ ನೀರಿನಲ್ಲಿ ಅದ್ದಿ, ಬಚ್ಚಲ ಹಗ್ಗದ ಮೇಲೆ ಹಾಕಿ, ಒಲೆಯ ಮುಂದೆ ಕುಳಿತುಬಿಟ್ಟರು.

ಒಲೆಗೆ ಸೌದೆ ತಳ್ಳುತ್ತಾ ಹೇಳಿದರು. ಗೋವಿಂದಮ್ಮ ಅತ್ತಿಗೆಗಿಂತ ಮೊದಲು ಅತ್ತೆಗೊಂದು ಗಂಡುಮಗು ಇತ್ತಂತೆ.

"ಅವನ್ ಬಟ್ಟೆ ಅಂಗಳದಲ್ ಹಾಕಿದ್ದೆ. ಸಂಜೆ ಕೊಕ್ಕರೆ ಹಿಂಡು ಹೋಯ್ತು, ನಾನೇ ನೋಡ್ದೆ. ಎಷ್ಟ್ ಚೆನ್ನಾಗ್ ಹೋಗ್ತವೆ ಅಂತ ನಿಂತ್ಕೊಂಡ್ ನೋಡ್ದೆ ಕಣೆ. ಅಮಾಸೆ ಹೊತ್ಗೆ ಮಗು ಇರ್ಲಿಲ್ಲ."

ಹೋಗಿ ಹತ್ತಿರ ಕುಳಿತೆ.

ಮಾರ್ಚ್ 26, ಬುಧವಾರ

ಜಾಲಿಸುವುದು ಹೆಚ್ಚಾದ ಮೇಲೆ ಘಾಟು ಅರ್ಧ ಇಳಿದಿದೆ ಎಂದು ಆಪಾ ಹೇಳುತ್ತಾರೆ. ಈಗ ನನ್ನ ಮೂಗನ್ನು ನಂಬುವುದಿಲ್ಲ, ಅವರ ಮೂಗನ್ನೇ ಕೇಳುತ್ತೇನೆ. ಬಕೆಟ್ಟಿನ ಮುಚ್ಚಳ ತೆಗೆದು ಹಿತ್ತಲ ಬಾಗಿಲ ಹೊರಗೆ ಇಟ್ಟಿದ್ದೇನೆ. ಉಳಿದರ್ಧ ಬಚ್ಚಲ ಕತ್ತಲೆಯದು. ಯುಗಾದಿ ಹತ್ತಿರ ಬಂತು.

ಸೊಪ್ಪು ಬಿಡಿಸುತ್ತಾ ಅತ್ತೆಗೆ ಹೇಳಿದೆ: "ಬಟ್ಟೆ ಅಂಗಳದಲ್ಲಿ ಹಾಕಿ ನಾನು ಕೆಳಗೇ ನಿಂತ್ಕೋತೀನಿ ಅತ್ತೆ. ಒಂದು ಹಕ್ಕೀನೂ ದಾಟಕ್ಕೆ ಬಿಡಲ್ಲ. ಮಧ್ಯಾಹ್ನ ಇಳಿಯೋಷ್ಟರಲ್ಲಿ ತೆಗ್ದುಬಿಡ್ತೀನಿ."

"ಹಕ್ಕಿ ನಿನ್ ಮಾತು ಕೇಳ್ತವಾ?"

"ಕೋಲು ಹಿಡ್ಕೋತೀನಿ."

ಅತ್ತೆ ಕಡ್ಡಿಯನ್ನು ಸೊಪ್ಪಿನ ಕಡೆಗೂ ಸೊಪ್ಪನ್ನು ಕಸದ ಕಡೆಗೂ ಹಾಕಿದರು. ಬೇಡ ಅನ್ನಲಿಲ್ಲ.

ಮಾರ್ಚ್ 30, ಭಾನುವಾರ

ಬಟ್ಟೆ ಒಗೆದ ದಿನ ನಿಲ್ಲುತ್ತಿದ್ದೇನೆ. ಕೋಲಿಗೆ ಹಳೇ ಕೆಂಪು ರವಿಕೆ ಕಟ್ಟಿಕೊಟ್ಟಿದ್ದಾರೆ ಆಪಾ. ಇವತ್ತು ಭಾನುವಾರ, ಎಲ್ಲರೂ ಮನೆಯಲ್ಲೇ ಇದ್ದರು. ಮುನಿಶಾಮಿ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತು, "ಯಮುನಮ್ಮ, ಎಡಗಡೆ ಕಾಗೆ! ಬಲಗಡೆ ಹದ್ದು! ಏರೋಪ್ಲೇನ್ ಬಂದ್ರೆ ಏನ್ ಮಾಡ್ತೀಯಮ್ಮ?" ಎಂದು ಕೂಗುತ್ತಿದ್ದರು.

"ಅದು ಮೊಟ್ಟೆ ಇಡಲ್ಲ, ಬಿಡಿ," ಅಂದೆ.

ಎಲ್ಲರೂ ನಕ್ಕರು. ನನಗೆ ಆಮೇಲೆ ಬೆವರು ಬಂತು. ಮುನಿಶಾಮಿಯ ಹತ್ತಿರ ನಾನು ಈವರೆಗೆ ಮಾತಾಡಿರಲಿಲ್ಲ.

ಕತ್ತು ನೋಯುತ್ತಿದೆ. ಪಾಪುವಿನ ಗಾಯ ಒಣಗಿ ಸಿಪ್ಪೆ ಏಳುತ್ತಿದೆ.

ಏಪ್ರಿಲ್ 5, ಶನಿವಾರ

ಇವತ್ತು ನನಗೆ ತಲೆಸುತ್ತು ಬಂದು ಕೆಳಗೆ ಕುಳಿತೆ. ಕಣ್ಣು ಬಿಟ್ಟಾಗ ಅತ್ತೆ ಹಗ್ಗದ ಕೆಳಗೆ ನಿಂತಿದ್ದರು. ಒಂದು ಕೈಯಲ್ಲಿ ಮಾವನ ಕರೀ ಕೊಡೆ, ಕಂಕುಳಲ್ಲಿ ಪಾಪು. ಕೊಡೆಯನ್ನು ಆಕಾಶಕ್ಕೆ ಚುಚ್ಚಿ, "ಹೋಗ್ ಅತ್ಲಾಗೆ, ನಿನ್ ವಂಶ ಹಾಳಾಗ!" ಎಂದು ಒಂದು ಪಾರಿವಾಳವನ್ನು ಬೈಯುತ್ತಿದ್ದರು. ಪಾಪು ಕೇಕೆ ಹಾಕುತ್ತಿದ್ದ.

ಆಪಾ ಬಂದು ಒದ್ದೆ ಲಂಗೋಟಿ ಮೂಸಿ ನೋಡಿದರು. ಇನ್ನೊಮ್ಮೆ ಮೂಸಿ, "ಉಚ್ಚೆ ವಾಸ್ನೆ," ಅಂದರು. "ಬರೀ ಉಚ್ಚೆ. ಘಾಟಿಲ್ಲ."

ನಾನು ಅವರ ಕೈ ಹಿಡಿದುಕೊಂಡೆ. ಪಾಪು ಇನ್ನು ಎಲ್ಲಿಗೂ ಹೋಗುವುದಿಲ್ಲ.

ಏಪ್ರಿಲ್ 8, ಮಂಗಳವಾರ, ಯುಗಾದಿ

ಅತ್ತಿಗೆ ಹಬ್ಬಕ್ಕೆ ಬಂದರು. ಪಾಪುವಿನ ಲಂಗೋಟಿ ಬಿಚ್ಚಿ ನಾನೇ ಅವರ ಕೈಗೆ ಕೊಟ್ಟೆ. ಮೂಸಿದರು. ತೊಡೆಸಂದಿ ನೋಡಿದರು. ಚರ್ಮ ಹೊಳೆಯುತ್ತಿತ್ತು.

"ಪರ್ವಾಗಿಲ್ವೇ, ಚೆನ್ನಾಗ್ ಮಾಡಿದ್ದೀಯ." ಆಮೇಲೆ ಪಾಪುವಿನ ಕೆನ್ನೆಗೆ ಕೆನ್ನೆ ಇಟ್ಟುಕೊಂಡು ಅತ್ತೆಯ ಕಡೆ ನೋಡಿ, "ಆದ್ರೂ ಒಂದೆರಡ್ ತಿಂಗ್ಳು ಬರ್ಲಿ ಬಿಡಮ್ಮ. ತೊಟ್ಲು ಮಾಡ್ಸಿಬಿಟ್ಟಿದ್ದೀನಿ. ಬೀಟೆ ಮರದ್ದು. ಮನೆಗ್ ಬಂದೋರ್ಗೆಲ್ಲ ಹೇಳ್ಕೊಂಡಿದ್ದೀನಿ," ಅಂದರು.

ನಾನು ಇವರ ಮುಖ ನೋಡಿದೆ. ಇವರು ಒಬ್ಬಟ್ಟಿಗೆ ತುಪ್ಪ ಹಾಕಿಕೊಳ್ಳುತ್ತಿದ್ದರು.

"ಅಕ್ಕಂಗೆ ನಾನು ಆಗ್ಲೇ ಹೂಂ ಅಂದಿದ್ದೆ ಕಣೆ. ವಾಸ್ನೆದೇನಿದೆ ಅದ್ರಲ್ಲಿ."

ಅಂದರೆ ವಾಸನೆ ಹೋದರೂ ಒಂದೇ, ಇದ್ದರೂ ಒಂದೇ.

ಮಂಗಳವಾರ ಮನೆಯಿಂದ ಮಗುವನ್ನು ಕಳಿಸುವ ಹಾಗಿಲ್ಲ. ಅದಕ್ಕೇ ಅತ್ತಿಗೆ ಇವತ್ತು ಇಲ್ಲೇ ಉಳಿದಿದ್ದಾರೆ. ನಾಳೆ ಊಟ ಮಾಡಿಕೊಂಡು ಹೊರಡುತ್ತಾರೆ.

ಏಪ್ರಿಲ್ 9, ಬುಧವಾರ, ಹೊಸತೊಡಕು

ಬೆಳಿಗ್ಗೆ ಇವರು ಮಟನ್ ಅಂಗಡಿಯ ಸಾಲಿನಲ್ಲಿ ನಿಲ್ಲಲು ಹೋದರು. ನಾನು ನಲ್ಲಿಯ ಹತ್ತಿರ ಲಂಗೋಟಿ ಒಗೆಯುತ್ತಾ ಅಳುತ್ತಿದ್ದೆ. ಅತ್ತೆ ಬಂದು ಬೆನ್ನಿಗೆ ಮೆಲ್ಲಗೆ ಗುದ್ದಿದರು.

"ಕಣ್ಣೊರೆಸ್ಕೊ. ಹೊಸತೊಡಕಿನ್ ದಿನ ಏನ್ ಮಾಡ್ತೀವೋ ವರ್ಷವೆಲ್ಲ ಅದನ್ನೇ ಮಾಡ್ತೀವಿ. ವರ್ಷವೆಲ್ಲ ಅಳ್ತೀಯಾ?"

ಎಲ್ಲ ಲಂಗೋಟಿಗಳನ್ನೂ ಅಂಗಳದ ಹಗ್ಗಕ್ಕೆ ಹಾಕಿದೆ. ಅವು ಒಣಗಿದರೆ ಅತ್ತಿಗೆಯ ಬ್ಯಾಗಿಗೆ ಹೋಗಬೇಕು. ಬಿಸಿಲು ಚೆನ್ನಾಗಿತ್ತು. ಇಷ್ಟು ದಿನ ಬೇಡಿಕೊಂಡ ಬಿಸಿಲು. ಊಟ ಮುಗಿಯುವಷ್ಟರಲ್ಲಿ ಬಟ್ಟೆ ಗರಿಗರಿಯಾಗಿತ್ತು. ಒಂದನ್ನು ಮುಖಕ್ಕೆ ಒತ್ತಿಕೊಂಡೆ. ಯಾವ ವಾಸನೆಯೂ ಇರಲಿಲ್ಲ.

ಹತ್ತಿರದಲ್ಲೇ ಜಾಲಿಸಿ ಉಳಿದ ನೀರಿನ ಬಕೆಟ್ಟು ಇತ್ತು. ಆ ಬಟ್ಟೆಯನ್ನು ಅದರಲ್ಲಿ ಅದ್ದಿದೆ. ಹಗ್ಗದ ಮೇಲೆ ಹಾಕಿದೆ. ಆಮೇಲೆ ಇನ್ನೊಂದನ್ನು ಅದ್ದಿದೆ. ಎಲ್ಲವನ್ನೂ.

"ಯಮುನಾ, ಒಣಗಿದ್ವೇನೇ?" ಅತ್ತಿಗೆ ಒಳಗಿನಿಂದ ಕೇಳಿದರು.

"ಇನ್ನೂ ಇಲ್ಲ ಅತ್ತಿಗೆ."

ಪಕ್ಕದ ಮನೆಯಲ್ಲಿ ಆಪಾರ ಹೊಲಿಗೆ ಮೆಷಿನ್ ನಿಂತಿತು. ಅಷ್ಟು ಜೋರಾಗಿ ಹೇಳಿದ್ದೆನೇನೋ.

ಹೊತ್ತು ಇಳಿಯುವಾಗ ಅತ್ತಿಗೆ ಮತ್ತೆ ಕೇಳಿದರು. ಮತ್ತೆ ಅದ್ದಿದೆ. ಮೂರನೆಯ ಸಲ ಅದ್ದುತ್ತಿದ್ದಾಗ ತಲೆ ಎತ್ತಿದರೆ ಅತ್ತೆ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ ತಿಳಿಯದು. ನನ್ನ ಕೈಯಲ್ಲಿ ನೀರು ಸುರಿಯುವ ಲಂಗೋಟಿ ಇತ್ತು. ಬಚ್ಚಿಡಲು ಜಾಗ ಇರಲಿಲ್ಲ.

ಅತ್ತೆ ಹತ್ತಿರ ಬಂದರು. ನನ್ನ ಕೈಯಿಂದ ಅದನ್ನು ತೆಗೆದುಕೊಂಡರು. ಬಕೆಟ್ಟಿನಲ್ಲಿ ಇನ್ನೊಮ್ಮೆ ಅದ್ದಿ, ಹಿಂಡದೆ, ಹಗ್ಗಕ್ಕೆ ಹಾಕಿದರು. ಆಗಲೇ ಕೊಕ್ಕರೆಗಳ ಹಿಂಡೊಂದು ನಮ್ಮ ತಲೆಯ ಮೇಲಿಂದ ಕೆರೆಯ ಕಡೆಗೆ ಹೋಯಿತು. ಕೋಲು ಗೋಡೆಗೆ ಒರಗಿತ್ತು. ಅತ್ತೆ ಕತ್ತೆತ್ತಿ ಅವು ಮರೆಯಾಗುವವರೆಗೂ ನೋಡಿದರು. ನಾವಿಬ್ಬರೂ ಓಡಿಸಲಿಲ್ಲ.

"ಗೋವಿಂದೂ," ಎಂದು ಒಳಗಿನ ಕಡೆಗೆ ಕೂಗಿದರು. "ತೊಟತೊಟ ಅಂತ ನೀರ್ ಇಳೀತಾವೆ ಕಣೆ ಇನ್ನೂ. ಹಸಿ ಬಟ್ಟೇಲಿ ಮಗು ಹೋಗಕ್ಕಾಗಲ್ಲ. ನೀನ್ ಹೊರಡು, ಟಿನ್ ಫ್ಯಾಕ್ಟ್ರಿ ಹತ್ರ ಬಸ್ಸು ತುಂಬ್ಕೊಂಡ್ಬಿಡತ್ತೆ."

"ಹೊಸ ಬಟ್ಟೆ ತಗೋತೀನಿ ಬಿಡಮ್ಮ ದಾರೀಲಿ."

"ಹೊಸ ಬಟ್ಟೆ ಗಂಜಿ ಚರ್ಮಕ್ಕಾಗಲ್ಲ. ನಿಮ್ಮಪ್ಪನ್ ಪಂಚೇನೇ ಆಗ್ಬೇಕು."

ಅತ್ತಿಗೆ ಹೊರಗೆ ಬಂದರು. ಹಗ್ಗ ನೋಡಿದರು, ಕೆಳಗಿನ ಕೆಸರು ನೋಡಿದರು, ನನ್ನ ಒದ್ದೆ ಸೀರೆ ನೋಡಿದರು. ಅವರಿಗೆ ಗೊತ್ತಾಗದೆ ಇರುತ್ತದೆಯೇ. "ಭಾನ್ವಾರ ಬರ್ತೀನಿ," ಅಂದರು. ಪಾಪುವನ್ನು ಕೊಟ್ಟು, ಮತ್ತೆ ತೆಗೆದುಕೊಂಡು, ಮತ್ತೆ ಕೊಟ್ಟರು. ಖಾಲಿ ಬ್ಯಾಗು ಹಿಡಿದು ಅವರು ಗಲ್ಲಿ ದಾಟುವುದನ್ನು ನನಗೆ ನೋಡಲಾಗಲಿಲ್ಲ.

ಇವರು, "ಅಕ್ಕ ಬೇಜಾರ್ ಮಾಡ್ಕೊಂಡ್ಲು," ಎಂದಷ್ಟೇ ಹೇಳಿದರು.

ಭಾನುವಾರವೂ ನಲ್ಲಿಯಲ್ಲಿ ನೀರು ಬರುವ ದಿನವೇ, ಆದರೆ ಇದೇ ಉಪಾಯ ಎರಡನೇ ಸಲ ನಡೆಯುವುದಿಲ್ಲ. ಅವತ್ತು ಏನು ಮಾಡುವುದೋ ನನಗೆ ತಿಳಿಯದು, ಅತ್ತೆಗೂ ತಿಳಿದಂತಿಲ್ಲ. ಹೊಸತೊಡಕಿನ ದಿನದ ಬಗ್ಗೆ ಅವರು ಹೇಳಿದ್ದು ನಿಜವಾದರೆ ಸಾಕು. ಇವತ್ತು ನಾನು ಬೆಳಗಿನಿಂದ ಕತ್ತಲಾಗುವವರೆಗೂ ನನ್ನ ಪಾಪುವಿನ ಬಟ್ಟೆ ಒಗೆದಿದ್ದೇನೆ.